ಸಾಮಾನ್ಯರ ಬೈಕು: ಯಾದವಗಿರಿಯಿಂದ ಕಂಪಲಾಪುರಕ್ಕೆ

ಮೋಟಾರ್ ಸೈಕಲ್ ಕೊಳ್ಳಲು ಮಳಿಗೆಗೆ ಹೋದವರು ಕೇಳುವ ಮೊದಲ ಪ್ರಶ್ನೆ ಯಾವುದು? 1960-70ರ ದಶಕಗಳಲ್ಲಿ ಅದು ‘ಯಾವಾಗ ಸಿಗುತ್ತೆ?’ ಎಂಬುದಾಗಿತ್ತು. 1985ರ ನಂತರ ‘ಲೀಟರಿಗೆ ಎಷ್ಟು ಕೊಡುತ್ತೆ?’ ಎಂದಾಯಿತು. ಈಗ ಅದರ ಜೊತೆಗೆ, ಎಷ್ಟೋ ಸಲ ಅದಕ್ಕಿಂತ ಮೊದಲೇ, ‘ತಿಂಗಳಿಗೆ ಎಷ್ಟು ಕಟ್ಟಬೇಕು?’ ಎಂದು ಕೇಳುತ್ತಾರೆ. ಪ್ರಶ್ನೆ ಬದಲಾದದ್ದಕ್ಕೆ ಎಂಜಿನ್ನಿನ ತಂತ್ರಜ್ಞಾನ ಒಂದು ಕಾರಣ, ಸರ್ಕಾರದ ನೀತಿ ಮತ್ತೊಂದು ಕಾರಣ. ಮಾರುವವರು ಯಾವ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಯಾವುದನ್ನು ಚಿಕ್ಕದಾಗಿ ಬರೆದರು ಎಂಬುದೂ ಈ ಚರಿತ್ರೆಯ ಭಾಗವೇ.

ಮೈಸೂರಿನಿಂದ ಹುಣಸೂರು ದಾಟಿ ಪಿರಿಯಾಪಟ್ಟಣ, ಕುಶಾಲನಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಂಪಲಾಪುರ ಇದೆ. ಸುತ್ತಲೂ ವರ್ಜೀನಿಯಾ ತಂಬಾಕು ಬೆಳೆಯುವ ಹಳ್ಳಿಗಳು. ಇಲ್ಲಿ ಬೈಕು ಶೋಕಿಯ ವಸ್ತುವಲ್ಲ. ಹೊಲಕ್ಕೆ ಗೊಬ್ಬರದ ಚೀಲ, ಡೇರಿಗೆ ಹಾಲಿನ ಕ್ಯಾನು, ಶಾಲೆಗೆ ಮಕ್ಕಳು, ಆಸ್ಪತ್ರೆಗೆ ಅಜ್ಜಿ, ಹೀಗೆ ಎಲ್ಲಕ್ಕೂ ಅದೇ ವಾಹನ. ಆದ್ದರಿಂದ ಅದರ ಬೆಲೆ, ಖರ್ಚು, ಸಾಲ ಇವೆಲ್ಲ ಒಂದು ಕುಟುಂಬದ ವರ್ಷದ ಲೆಕ್ಕವನ್ನೇ ಅಲುಗಾಡಿಸಬಲ್ಲವು. ಕುತೂಹಲದ ಸಂಗತಿಯೆಂದರೆ, ಭಾರತದ ಮೋಟಾರ್ ಸೈಕಲ್ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಇಲ್ಲಿಂದ ಬಹಳ ದೂರವೇನೂ ಅಲ್ಲದ ಮೈಸೂರಿನ ಯಾದವಗಿರಿಯಲ್ಲಿ ನಡೆಯಿತು.

ಯಾದವಗಿರಿಯ ಕಾರ್ಖಾನೆ

ಜಾವಾ ಎಂಬುದು ಹಿಂದಿನ ಚೆಕೊಸ್ಲೊವಾಕಿಯಾ ದೇಶದ ಕಂಪನಿ. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ‘ಜಾವಾ’ ಎಂದು ಹೆಸರಿಟ್ಟ. ಇಂಡೊನೇಷ್ಯದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. 1950ರ ದಶಕದಲ್ಲಿ ಈ ಬೈಕುಗಳು ಆಮದಾಗಿ ಭಾರತಕ್ಕೆ ಬರುತ್ತಿದ್ದವು. ವಿದೇಶಿ ವಿನಿಮಯ ಉಳಿಸಬೇಕೆಂದು ಸರ್ಕಾರ ಸಿದ್ಧ ವಾಹನಗಳ ಆಮದಿಗೆ ತಡೆ ಒಡ್ಡಿದಾಗ ಇಲ್ಲಿಯೇ ತಯಾರಿಸುವ ಯೋಚನೆ ಬಂತು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ‘ಐಡಿಯಲ್ ಜಾವಾ’ ಕಂಪನಿಯನ್ನು ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹವೂ ದೊರೆಯಿತು. 1961ರಲ್ಲಿ ಯಾದವಗಿರಿಯ ಕಾರ್ಖಾನೆಯಿಂದ ಬೈಕುಗಳು ಹೊರಬರತೊಡಗಿದವು.

ಈ ಬೈಕಿನ ಎಂಜಿನ್ ಎರಡು ಹೊಡೆತದ್ದು, ಮೆಕ್ಯಾನಿಕರ ಮಾತಿನಲ್ಲಿ ‘ಟೂ ಸ್ಟ್ರೋಕ್’. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಸಿಲಿಂಡರಿನ ಗಾತ್ರ ಕಂಡುಹಿಡಿಯುವ ಸೂತ್ರ ವಿದ್ಯಾರ್ಥಿಗಳಿಗೆ ಗೊತ್ತಿರುವುದೇ. ತ್ರಿಜ್ಯ 3.25 ಸೆಂ.ಮೀ., ಎತ್ತರ 7.5 ಸೆಂ.ಮೀ. ಎಂದು ಹಾಕಿ ನೋಡಿದರೆ ಸುಮಾರು 249 ಘನ ಸೆಂ.ಮೀ. ಬರುತ್ತದೆ. ‘ಜಾವಾ 250’ ಎಂಬ ಹೆಸರಿನಲ್ಲಿರುವ 250 ಇದೇ. ಶಕ್ತಿ ಸುಮಾರು 12 ಅಶ್ವಶಕ್ತಿ. ಸಿಲಿಂಡರ್ ಒಂದೇ ಆದರೂ ಹೊಗೆ ಕೊಳವೆ ಎರಡು. ಗೇರು ಬದಲಿಸುವ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಗೇರು ಹಾಕುವಾಗ ಕ್ಲಚ್ ತಾನಾಗಿಯೇ ಬಿಡುವ ವ್ಯವಸ್ಥೆಯೂ ಇತ್ತು. ಹಳ್ಳಿಯ ಮೆಕ್ಯಾನಿಕ್ ಬಿಚ್ಚಿ ಕಟ್ಟಬಲ್ಲಷ್ಟು ಸರಳ ಯಂತ್ರ. ‘ಎಂದೆಂದಿಗೂ ಬಾಳುವ ಬೈಕು’ ಎಂಬ ಅರ್ಥದ ಕಂಪನಿಯ ಘೋಷಣೆಯನ್ನು ಅದು ಬಹುಮಟ್ಟಿಗೆ ಉಳಿಸಿಕೊಂಡಿತು ಎನ್ನಬೇಕು. ಮೈಸೂರಿನ ಬೀದಿಗಳಲ್ಲಿ ಅವುಗಳ ಸದ್ದು ಈಗಲೂ ಆಗಾಗ ಕೇಳುತ್ತದೆ.

1970ರ ದಶಕದಲ್ಲಿ ಬೈಕಿನ ಹೆಸರು ‘ಯೆಜ್ಡಿ’ ಎಂದು ಬದಲಾಯಿತು. 1978ರಲ್ಲಿ ‘ರೋಡ್‌ಕಿಂಗ್’ ಬಂತು. ಅದೇ ಕಾಲಕ್ಕೆ ಮದರಾಸಿನ ಎನ್‌ಫೀಲ್ಡ್ ಬುಲೆಟ್ ಮತ್ತು ಎಸ್ಕಾರ್ಟ್ಸ್ ಕಂಪನಿಯ ರಾಜದೂತ್ ಮಾರುಕಟ್ಟೆಯಲ್ಲಿದ್ದವು. ಬುಲೆಟ್ ನಾಲ್ಕು ಹೊಡೆತದ ಭಾರಿ ಬೈಕು. ಪೋಲೆಂಡಿನ ವಿನ್ಯಾಸವನ್ನು ಆಧರಿಸಿದ ರಾಜದೂತ್ 175 ಇವುಗಳಲ್ಲಿ ಚಿಕ್ಕದು. ‘ಸಾಮಾನ್ಯರ ಬೈಕು’ ಎಂಬ ಮಾತು ಆಗ ಯಾವುದಕ್ಕಾದರೂ ಹೊಂದುತ್ತಿದ್ದರೆ ಅದು ರಾಜದೂತಿಗೆ ಮಾತ್ರ.

ಬರಿ ಪುಸ್ತಕವಿದ್ದ ಮಳಿಗೆ

ಆ ಕಾಲದ ಮಾರಾಟ ಮಳಿಗೆಯನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. ಮಾರಲು ಸಾಲುಸಾಲಾಗಿ ನಿಲ್ಲಿಸಿದ ವಾಹನಗಳಿರಲಿಲ್ಲ. ಇದ್ದದ್ದು ಹೆಸರು ಬರೆದುಕೊಳ್ಳುವ ಪುಸ್ತಕ. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ಯಾವ ಕಂಪನಿ ಎಷ್ಟು ವಾಹನ ತಯಾರಿಸಬಹುದು ಎಂಬುದು ಲೈಸೆನ್ಸಿನಲ್ಲಿ ನಿಗದಿಯಾಗುತ್ತಿತ್ತು. ಬೇಡಿಕೆ ಹೆಚ್ಚಿತೆಂದು ಕಾರ್ಖಾನೆಯನ್ನು ಇಷ್ಟಬಂದಂತೆ ವಿಸ್ತರಿಸಲು ಆಗುತ್ತಿರಲಿಲ್ಲ. ಸ್ಕೂಟರುಗಳಿಗಂತೂ ಹಂಚಿಕೆ ಮತ್ತು ಮಾರಾಟವನ್ನು ನಿಯಂತ್ರಿಸುವ ಸರ್ಕಾರಿ ಆದೇಶವೇ 1960ರಲ್ಲಿ ಬಂತು. ಮುಂಗಡ ಹಣ ಕಟ್ಟಿ, ಹೆಸರು ಬರೆಸಿ, ಸರದಿಗಾಗಿ ಕಾಯಬೇಕು. ಬಜಾಜ್ ಸ್ಕೂಟರಿಗೆ ಹತ್ತು ವರ್ಷದವರೆಗೆ ಕಾದವರಿದ್ದರು. ಮೋಟಾರ್ ಸೈಕಲ್ಲಿಗೆ ಅಷ್ಟು ಕಾಯಬೇಕಿರಲಿಲ್ಲವಾದರೂ ಕೇಳಿದ ದಿನ ಸಿಗುವ ವಸ್ತು ಅದಾಗಿರಲಿಲ್ಲ.

ಇಂಥ ಮಾರುಕಟ್ಟೆಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಸರದಿಯಲ್ಲಿ ಸ್ಕೂಟರ್ ಪಡೆದವನು ಅದನ್ನು ಮರುದಿನವೇ ಕೊಂಡದ್ದಕ್ಕಿಂತ ಹೆಚ್ಚಿನ ಬೆಲೆಗೆ ಮಾರಬಹುದಿತ್ತು. ಹಳೆಯ ವಸ್ತುವಿಗೆ ಹೊಸದಕ್ಕಿಂತ ಹೆಚ್ಚು ಬೆಲೆ! ಈ ಹೆಚ್ಚಿನ ಹಣಕ್ಕೆ ‘ಆನ್’ ಎಂದೋ ‘ಪ್ರೀಮಿಯಂ’ ಎಂದೋ ಹೆಸರಿತ್ತು. ಮಾರಾಟಗಾರನಿಗೆ ಗಿರಾಕಿಯನ್ನು ಒಲಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳುವ ಧೈರ್ಯವೂ ಗಿರಾಕಿಗೆ ಇರಲಿಲ್ಲವೇನೋ. ಆ ಕಾಲದ ಸರಳತೆಯನ್ನು ಹೊಗಳುವವರು ಬಹಳ ಮಂದಿ. ಆದರೆ ವಾಹನದ ಅಗತ್ಯ ನಿಜವಾಗಿಯೂ ಇದ್ದು ಮುಂಗಡಕ್ಕೆ ಹಣವಿಲ್ಲದಿದ್ದ ರೈತನ ಹೆಸರು ಆ ಪುಸ್ತಕವನ್ನು ಸೇರುತ್ತಲೇ ಇರಲಿಲ್ಲ ಎಂಬುದನ್ನು ಮರೆಯಬಾರದು.

ಅವನಿಗೆ ಮೊದಲು ಎಟುಕಿದ್ದು ಮೊಪೆಡ್. 1972ರಲ್ಲಿ ಕೈನೆಟಿಕ್ ಕಂಪನಿಯ ‘ಲೂನಾ’ ಬಂತು. 1980ರಲ್ಲಿ ನಮ್ಮ ಗಡಿಗೆ ಅಂಟಿಕೊಂಡಿರುವ ಹೊಸೂರಿನಿಂದ ‘ಟಿವಿಎಸ್ 50’ ಬಂತು. ಇಬ್ಬರು ಕೂರಬಹುದಾದ ಮೊಪೆಡ್ ಎಂಬುದು ಅದರ ಹೆಚ್ಚುಗಾರಿಕೆ. ಗೇರಿಲ್ಲ, ತೂಕ ಕಡಿಮೆ, ಮುಂದಿನ ಖಾಲಿ ಜಾಗದಲ್ಲಿ ಮೂಟೆ ಇಡಬಹುದು. ಹುಣಸೂರು, ಎಚ್.ಡಿ.ಕೋಟೆ, ಕೆ.ಆರ್.ನಗರದ ಹಳ್ಳಿಗಳಲ್ಲಿ ಅದಕ್ಕೆ ಬರಿ ‘ಟಿವಿಎಸ್’ ಎಂದೇ ಹೆಸರು. ಕಂಪನಿಯ ಹೆಸರೇ ವಸ್ತುವಿನ ಹೆಸರಾಯಿತು. ಅದೇ ಕಂಪನಿ ಮುಂದೆ ಮೈಸೂರು-ನಂಜನಗೂಡು ರಸ್ತೆಯಲ್ಲೂ ಕಾರ್ಖಾನೆ ತೆರೆಯಿತು.

ನೂರು ಸಿಸಿಯ ಕ್ರಾಂತಿ

1980ರ ದಶಕದ ಆರಂಭದಲ್ಲಿ ಸರ್ಕಾರ ನೀತಿ ಸಡಿಲಿಸಿ, 100 ಘನ ಸೆಂ.ಮೀ.ವರೆಗಿನ ದ್ವಿಚಕ್ರ ವಾಹನಗಳಿಗೆ ವಿದೇಶಿ ಸಹಯೋಗವನ್ನು ಒಪ್ಪಿತು. ನಾಲ್ಕು ಜಪಾನಿ ಕಂಪನಿಗಳು ನಾಲ್ಕು ಭಾರತೀಯ ಕಂಪನಿಗಳ ಕೈ ಹಿಡಿದವು. 1984ರಲ್ಲಿ ಟಿವಿಎಸ್ ಬಳಗದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಎಸ್ಕಾರ್ಟ್ಸ್ ತಯಾರಿಸಿದ ಯಮಾಹಾ ಆರ್‌ಎಕ್ಸ್ 100, 1986ರಲ್ಲಿ ಕವಾಸಾಕಿ ಬಜಾಜ್ ಕೆಬಿ 100 ಮಾರುಕಟ್ಟೆಗೆ ಬಂದವು.

ಈ ನಾಲ್ಕರಲ್ಲಿ ಮೂರು ಎರಡು ಹೊಡೆತದವು. ಸಿಡಿ 100 ಮಾತ್ರ ನಾಲ್ಕು ಹೊಡೆತದ್ದು. ಆ ಒಂದು ವ್ಯತ್ಯಾಸ ಮುಂದಿನ ಚರಿತ್ರೆಯನ್ನು ನಿರ್ಧರಿಸಿದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಎರಡು ಹೊಡೆತದ ಎಂಜಿನ್ನಿನಲ್ಲಿ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಂಡಿಗಳಿರುತ್ತವೆ. ಮೇಲೆ ಕೆಳಗೆ ಚಲಿಸುವ ಪಿಸ್ಟನ್ನೇ ಅವುಗಳನ್ನು ಮುಚ್ಚುತ್ತದೆ, ತೆರೆಯುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಸುಟ್ಟ ಹೊಗೆ ಹೋಗುವ ಕಂಡಿಯೂ ಹೊಸ ಪೆಟ್ರೋಲು-ಗಾಳಿ ಮಿಶ್ರಣ ಬರುವ ಕಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಒಳಗೆ ನುಗ್ಗುವ ಹೊಸ ಮಿಶ್ರಣವೇ ಹಳೆಯ ಹೊಗೆಯನ್ನು ಗುಡಿಸಿ ಹೊರಕ್ಕೆ ತಳ್ಳಬೇಕು. ಗುಡಿಸುವ ಭರದಲ್ಲಿ ಹೊಸ ಮಿಶ್ರಣದ ಒಂದು ಪಾಲು, ಐದನೆಯ ಒಂದರಷ್ಟು ಅಥವಾ ಅದಕ್ಕಿಂತಲೂ ಹೆಚ್ಚು, ಉರಿಯದೆಯೇ ಹೊಗೆ ಕೊಳವೆ ಸೇರುತ್ತದೆ. ಜೊತೆಗೆ ಎಂಜಿನ್ನಿನ ಕೆಳಭಾಗಕ್ಕೆ ಜಾರುವಿಕೆ ಒದಗಿಸಲು ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಹಳೆಯ ಜಾವಾಕ್ಕೆ 20ರಿಂದ 25 ಭಾಗ ಪೆಟ್ರೋಲಿಗೆ 1 ಭಾಗ ಎಣ್ಣೆ ಬೇಕಿತ್ತು. ಪೆಟ್ರೋಲ್ ಬಂಕಿನಲ್ಲಿ ‘2ಟಿ ಎಣ್ಣೆ’ ಹಾಕಿಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಬೈಕಿನ ಹಿಂದೆ ಏಳುತ್ತಿದ್ದ ನೀಲಿ ಹೊಗೆ ಈ ಎಣ್ಣೆಯದೇ.

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಹೀರುವುದು, ಒತ್ತುವುದು, ಉರಿಯುವುದು, ಹೊರಹಾಕುವುದು ಈ ನಾಲ್ಕೂ ಬೇರೆ ಬೇರೆ ಹೊಡೆತಗಳು. ಬರುವ ದಾರಿಗೂ ಹೋಗುವ ದಾರಿಗೂ ಪ್ರತ್ಯೇಕ ಕವಾಟಗಳಿವೆ. ಆದ್ದರಿಂದ ಪೆಟ್ರೋಲು ಸೋರಿಹೋಗುವುದು ತೀರ ಕಡಿಮೆ. ಆದರೆ ಎರಡು ಸುತ್ತಿಗೆ ಒಮ್ಮೆ ಮಾತ್ರ ಶಕ್ತಿ ಸಿಗುವುದರಿಂದ ಅದೇ ಗಾತ್ರದ ಎಂಜಿನ್ನಿಗೆ ಬಲ ಕಡಿಮೆ. 98 ಘನ ಸೆಂ.ಮೀ.ನ ಆರ್‌ಎಕ್ಸ್ 100ಕ್ಕೆ 11 ಅಶ್ವಶಕ್ತಿ ಇದ್ದರೆ ಸಿಡಿ 100ಕ್ಕೆ ಸುಮಾರು 7 ಇತ್ತು. ಹುಡುಗರು ಯಮಾಹಾದ ಹಿಂದೆ ಬಿದ್ದದ್ದು ಇದಕ್ಕೇ. ಅವರ ಅಪ್ಪಂದಿರು ಹೋಂಡಾ ಕೊಂಡರು.

ಸಿಡಿ 100ರ ಸಿಲಿಂಡರಿನ ವ್ಯಾಸ 50 ಮಿ.ಮೀ., ಪಿಸ್ಟನ್ನಿನ ಚಲನೆ 49.5 ಮಿ.ಮೀ. ಲೆಕ್ಕ ಹಾಕಿದರೆ 97.2 ಘನ ಸೆಂ.ಮೀ. ಇಂದು ಮಾರಾಟವಾಗುವ ಸ್ಪ್ಲೆಂಡರ್ ಪ್ಲಸ್ ಬೈಕಿನ ಎಂಜಿನ್ ಗಾತ್ರವೂ 97.2 ಘನ ಸೆಂ.ಮೀ. ಕಾರ್ಬ್ಯುರೇಟರ್ ಹೋಗಿ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂದಿದೆ, ಬ್ರೇಕು, ದೀಪ ಬದಲಾಗಿವೆ. ಆದರೆ 40 ವರ್ಷಗಳಾದರೂ ಆ ಗಾತ್ರ ಕದಲಿಲ್ಲ. ಇಷ್ಟು ದೀರ್ಘಾಯುಷ್ಯದ ಎಂಜಿನ್ ಮಾದರಿಗಳು ಪ್ರಪಂಚದಲ್ಲಿ ಹೆಚ್ಚಿಲ್ಲ.

ಯೆಜ್ಡಿಯ ಗತಿ ಏನಾಯಿತು? ಲೀಟರಿಗೆ 30 ಕಿ.ಮೀ. ಆಸುಪಾಸು ಓಡುತ್ತಿದ್ದ 250 ಸಿಸಿ ಬೈಕು, 80 ಕಿ.ಮೀ. ಎಂದು ಹೇಳಿಕೊಳ್ಳುವ ಬೈಕಿನ ಎದುರು ನಿಲ್ಲುವುದು ಕಷ್ಟವಾಯಿತು. ಹೊಗೆಯ ಮೇಲಿನ ಮಿತಿಗಳು 1991ರಲ್ಲಿ ಶುರುವಾಗಿ 1996ರಲ್ಲಿ ಬಿಗಿಯಾದವು, 2000ದಲ್ಲಿ ಇನ್ನೂ ಬಿಗಿಯಾದವು. ಯಾದವಗಿರಿಯ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದೂ ಅದೇ ವರ್ಷ. ಜಾವಾ, ಯೆಜ್ಡಿ ಹೆಸರುಗಳು 2018 ಮತ್ತು 2022ರಲ್ಲಿ ಬೇರೊಂದು ಕಂಪನಿಯ ಮೂಲಕ ಮರಳಿ ಬಂದಿವೆ. ಆದರೆ ಅವು ನಾಲ್ಕು ಹೊಡೆತದವು, ಬೆಲೆಯಲ್ಲೂ ಸಾಮಾನ್ಯರವಲ್ಲ. ಎರಡು ಹೊಡೆತ ಹೆಚ್ಚು ಕಾಲ ಉಳಿದದ್ದು ಬಡವರ ಮೊಪೆಡ್ಡಿನಲ್ಲಿ. ಟಿವಿಎಸ್ ಎಕ್ಸ್‌ಎಲ್ 100 ಎಂಬ ನಾಲ್ಕು ಹೊಡೆತದ ಮೊಪೆಡ್ ಬಂದದ್ದು 2015ರಲ್ಲಿ.

‘ಎಷ್ಟು ಕೊಡುತ್ತೆ?’

‘ತುಂಬಿಸಿ, ಮುಚ್ಚಿ, ಮರೆತುಬಿಡಿ’ ಎಂಬ ಅರ್ಥದ ಹೀರೋ ಹೋಂಡಾ ಜಾಹೀರಾತು ಭಾರತದಲ್ಲಿ ಬೈಕು ಮಾರುವ ರೀತಿಯನ್ನೇ ಬದಲಿಸಿತು. ಜಾಹೀರಾತಿನಲ್ಲಿ ವೇಗವಿಲ್ಲ, ಬಲವಿಲ್ಲ, ಇದ್ದದ್ದು ಪೆಟ್ರೋಲಿನ ಲೆಕ್ಕ. ಸೈಕಲ್ ಮಾರಾಟದಲ್ಲಿ ಪಳಗಿದ್ದ ಹೀರೋ ಬಳಗಕ್ಕೆ ಸಣ್ಣ ಊರಿನ ಗಿರಾಕಿಯ ಮನಸ್ಸು ಗೊತ್ತಿತ್ತು. 1994ರಲ್ಲಿ ಸ್ಪ್ಲೆಂಡರ್ ಬಂತು. 1990ರ ದಶಕದ ಕೊನೆಗೆ ದೇಶದಲ್ಲಿ ಮೋಟಾರ್ ಸೈಕಲ್ಲುಗಳ ಮಾರಾಟ ಸ್ಕೂಟರುಗಳನ್ನು ಹಿಂದಿಕ್ಕಿತು. ಬಜಾಜ್ ಬಾಕ್ಸರ್, ಸಿಟಿ 100, ಪ್ಲಾಟಿನಾ, ಟಿವಿಎಸ್ ಸ್ಟಾರ್ ಸಿಟಿ ಎಲ್ಲವೂ ಇದೇ ದಾರಿಯಲ್ಲಿ ಬಂದವು. ಪ್ರತಿಯೊಂದರ ಭಿತ್ತಿಪತ್ರದಲ್ಲೂ ಲೀಟರಿಗೆ ಇಷ್ಟು ಎಂಬ ದಪ್ಪಕ್ಷರದ ಸಂಖ್ಯೆ.

ಆ ಸಂಖ್ಯೆ ಎಲ್ಲಿಂದ ಬರುತ್ತದೆ? ಅದು ಸುಳ್ಳಲ್ಲ, ಪ್ರಯೋಗಶಾಲೆಯ ನಿಜ. ಬೈಕನ್ನು ಉರುಳೆಯ ಮೇಲೆ ನಿಲ್ಲಿಸಿ ನಿಗದಿತ ಕ್ರಮದಲ್ಲಿ ಓಡಿಸಿ ಅಳೆಯುತ್ತಾರೆ. ಬಹಳ ಕಾಲ ಬಳಕೆಯಲ್ಲಿದ್ದ ‘ಭಾರತೀಯ ಚಾಲನಾ ಚಕ್ರ’ದಲ್ಲಿ 108 ಸೆಕೆಂಡುಗಳ ಒಂದು ಆವರ್ತವನ್ನು 6 ಸಲ ಓಡಿಸುತ್ತಿದ್ದರು. ಒಟ್ಟು ದೂರ 4 ಕಿ.ಮೀ.ಗೂ ಕಡಿಮೆ, ಸರಾಸರಿ ವೇಗ ಗಂಟೆಗೆ ಸುಮಾರು 22 ಕಿ.ಮೀ., ಗರಿಷ್ಠ ವೇಗ 42 ಕಿ.ಮೀ. ಹುಣಸೂರು-ಪಿರಿಯಾಪಟ್ಟಣ ಹೆದ್ದಾರಿಯಲ್ಲಿ ಗಂಟೆಗೆ 42 ಕಿ.ಮೀ. ಮೀರದೆ ಬೈಕು ಓಡಿಸುವವರನ್ನು ಹುಡುಕಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ 40ರಿಂದ 60ಕ್ಕೆ ಏರಿದರೆ ತಡೆ ಒಂದೂವರೆಯ ವರ್ಗದಷ್ಟು, ಅಂದರೆ 2.25 ಪಟ್ಟು ಆಗುತ್ತದೆ. ಇದರ ಮೇಲೆ ಹಿಂದೆ ಒಬ್ಬರು, ಮುಂದೆ ಒಂದು ಚೀಲ, ಗಾಳಿ ಕಡಿಮೆಯಾದ ಟೈರು, ಸಡಿಲ ಚೈನು. ಮಳಿಗೆಯ 80 ರಸ್ತೆಯಲ್ಲಿ 60 ಆಗುವುದರಲ್ಲಿ ಆಶ್ಚರ್ಯವಿಲ್ಲ. ಈಗ ಹಳೆಯ ಚಕ್ರದ ಬದಲು ಮೋಟಾರ್ ಸೈಕಲ್ಲುಗಳಿಗಾಗಿಯೇ ರೂಪಿಸಿದ ಅಂತರರಾಷ್ಟ್ರೀಯ ಪರೀಕ್ಷಾ ಚಕ್ರ ಬಂದಿದೆ. ಅದು ರಸ್ತೆಗೆ ಸ್ವಲ್ಪ ಹತ್ತಿರ.

ನಿಜವಾದ ಅಳತೆಯನ್ನು ಶಾಲೆಯ ಮಕ್ಕಳೂ ಮಾಡಬಹುದು. ಒಬ್ಬ ಶಿಕ್ಷಕರ ಬೈಕಿನ ಟ್ಯಾಂಕನ್ನು ಬಾಯಿ ತನಕ ತುಂಬಿಸಿ ಮೀಟರ್ ಬರೆದುಕೊಳ್ಳಿ. 200 ಕಿ.ಮೀ. ಓಡಿದ ಮೇಲೆ ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ತುಂಬಿಸಿ. ಓಡಿದ ದೂರವನ್ನು ಎರಡನೆಯ ಸಲ ಹಾಕಿದ ಪೆಟ್ರೋಲಿನಿಂದ ಭಾಗಿಸಿ. ಮೂರು ಸಲ ಮಾಡಿ ಸರಾಸರಿ ತೆಗೆದರೆ ಜಾಹೀರಾತಿಗಿಂತ ನಂಬಬಹುದಾದ ಉತ್ತರ ಸಿಗುತ್ತದೆ.

ತಂಬಾಕಿನ ಹಣ, ಕಂತಿನ ಬೈಕು

ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಪದ್ಧತಿ ಆರಂಭವಾದದ್ದು 1984ರಲ್ಲಿ. ಸಿಡಿ 100 ಬರುವುದಕ್ಕೆ ಒಂದು ವರ್ಷ ಮೊದಲು. ಇದು ಕಾಕತಾಳೀಯ. ಆದರೂ ಕಂಪಲಾಪುರ ಸೀಮೆಯಲ್ಲಿ ಎರಡೂ ಒಂದಕ್ಕೊಂದು ಹೆಣೆದುಕೊಂಡವು. ಇಲ್ಲಿಯ ಹರಾಜು ಕಟ್ಟೆಗೆ ರೈತ ಬ್ಯಾರನ್ನಿನಲ್ಲಿ ಹದ ಮಾಡಿದ ಹೊಗೆಸೊಪ್ಪಿನ ಬೇಲುಗಳನ್ನು ತರುತ್ತಾನೆ. ಪ್ರತಿ ಬೇಲಿಗೂ ಬೆಲೆ ಬಹಿರಂಗವಾಗಿ ನಿಲ್ಲುತ್ತದೆ. ಹಣ ಬ್ಯಾಂಕಿನ ಖಾತೆಗೆ ಬರುತ್ತದೆ, ಬೆಳೆ ಸಾಲ ಮೊದಲು ಕಳೆದುಹೋಗುತ್ತದೆ. ಹರಾಜು ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಆರಂಭವಾಗುವುದರಿಂದ ಹಣ ಕೈಸೇರುವುದಕ್ಕೂ ಆಯುಧಪೂಜೆ, ದೀಪಾವಳಿಯ ಕೊಡುಗೆಗಳಿಗೂ ಸರಿಯಾಗಿ ಹೊಂದುತ್ತದೆ. ಬೈಕು ಮಳಿಗೆಗಳು ಶಾಮಿಯಾನ ಹಾಕುವುದು, ‘ಎಕ್ಸ್‌ಚೇಂಜ್ ಮೇಳ’ ನಡೆಸುವುದು ಆಗಲೇ.

ಹರಾಜಿನಲ್ಲಿ ಕಿಲೋಗೆ ಒಂದು ರೂಪಾಯಿ ಕಡಿಮೆಯಾದರೆ ಬೇಲು ಕೊಡಲು ಒಪ್ಪದವರು ಬೈಕಿನ ಸಾಲದ ಕಾಗದಕ್ಕೆ ಓದದೆಯೇ ಸಹಿ ಹಾಕುತ್ತಾರೆ. ಇದಕ್ಕೆ ಕಾರಣ ದಡ್ಡತನವಲ್ಲ. ಲೆಕ್ಕ ಅವರ ಕಣ್ಣಿಗೆ ಬೀಳುವಂತೆ ಇರುವುದಿಲ್ಲ, ಅಷ್ಟೆ.

ಕಂತಿನ ವ್ಯಾಪಾರ ಹೊಸದೇನಲ್ಲ. ಲಾರಿ, ಬಸ್ಸುಗಳಿಗೆ ಬಾಡಿಗೆ-ಖರೀದಿ ಪದ್ಧತಿ ದಕ್ಷಿಣ ಭಾರತದಲ್ಲಿ 1950ರ ದಶಕದಿಂದ ಇದೆ. ದ್ವಿಚಕ್ರ ವಾಹನಕ್ಕೆ ಅದು ವ್ಯಾಪಕವಾಗಿ ಇಳಿದದ್ದು ಪೈಪೋಟಿ ಹೆಚ್ಚಿದ ಮೇಲೆ. ತಯಾರಕರೇ ಸಾಲ ಕೊಡುವ ಕಂಪನಿಗಳನ್ನು ಕಟ್ಟಿದರು. ಬಜಾಜ್ ಆಟೋ ಫೈನಾನ್ಸ್ ಆರಂಭವಾದದ್ದು 1987ರಲ್ಲಿ. ಇಂದು ಮಳಿಗೆಯ ಒಳಗೇ ಒಂದು ಮೇಜು ಫೈನಾನ್ಸ್‌ನವರದು. ಬೆಲೆ ಕೇಳಿದರೆ ಬೆಲೆ ಹೇಳುವುದಿಲ್ಲ, ಕಂತು ಹೇಳುತ್ತಾರೆ.

ಒಂದು ಉದಾಹರಣೆ ನೋಡೋಣ. ಸಾಲ 60,000 ರೂ., ಅವಧಿ 36 ತಿಂಗಳು, ಬಡ್ಡಿ ‘ಫ್ಲ್ಯಾಟ್’ ಶೇ. 12. ಲೆಕ್ಕ ಹೀಗೆ: 60,000ಕ್ಕೆ ವರ್ಷಕ್ಕೆ 7,200, ಮೂರು ವರ್ಷಕ್ಕೆ 21,600. ಒಟ್ಟು 81,600 ರೂ. ಅದನ್ನು 36ರಿಂದ ಭಾಗಿಸಿದರೆ ಕಂತು ಸುಮಾರು 2,267 ರೂ. ಸರಿಯಾಗಿಯೇ ಕಾಣುತ್ತದೆ. ಆದರೆ ಪ್ರತಿ ತಿಂಗಳೂ ಅಸಲಿನ ಒಂದು ಪಾಲು ತೀರುತ್ತಿದೆ. ಈ ಲೆಕ್ಕದಲ್ಲಿ 18 ತಿಂಗಳ ಹೊತ್ತಿಗೆ ಅಸಲಿನ ಅರ್ಧ ಹಿಂದಿರುಗಿರುತ್ತದೆ. ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ 60,000ದ ಮೇಲೆ! ಉಳಿದ ಸಾಲದ ಮೇಲಷ್ಟೇ ಬಡ್ಡಿ ಹಾಕುವ ಇಳಿಕೆ ಕ್ರಮದಲ್ಲಿ ಶೇ. 12ಕ್ಕೆ ಕಂತು ಸುಮಾರು 1,993 ರೂ. ಆಗುತ್ತದೆ, ಒಟ್ಟು ಬಡ್ಡಿ ಸುಮಾರು 11,700 ರೂ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 2,267ರ ಕಂತು ಕಟ್ಟುವವನು ಕೊಡುತ್ತಿರುವ ನಿಜವಾದ ವಾರ್ಷಿಕ ಬಡ್ಡಿ ಸುಮಾರು ಶೇ. 21. ಗುಣೋತ್ತರ ಶ್ರೇಢಿ ಕಲಿಸುವ ಗಣಿತ ಶಿಕ್ಷಕರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಈಗ ಇದನ್ನು ಮೈಲೇಜಿನ ಜೊತೆ ಹೋಲಿಸಿ. ತಿಂಗಳಿಗೆ 1,000 ಕಿ.ಮೀ. ಓಡಿಸುವ ರೈತನೊಬ್ಬ 60 ಕೊಡುವ ಬೈಕಿನ ಬದಲು 70 ಕೊಡುವುದನ್ನು ಆರಿಸಿದ ಎನ್ನೋಣ. ಉಳಿಯುವ ಪೆಟ್ರೋಲು ಸುಮಾರು 2.4 ಲೀಟರ್. ಲೀಟರಿಗೆ 100 ರೂ. ಎಂದಿಟ್ಟುಕೊಂಡರೆ ತಿಂಗಳಿಗೆ 240 ರೂ. ಉಳಿತಾಯ. ಮೇಲಿನ ಸಾಲದ ಬಡ್ಡಿ ತಿಂಗಳಿಗೆ 600 ರೂ. ಎರಡು ಬಗೆಯ ಬಡ್ಡಿಗಳ ವ್ಯತ್ಯಾಸವೇ ತಿಂಗಳಿಗೆ 270 ರೂ. ದಾಟುತ್ತದೆ. 10 ಕಿ.ಮೀ. ಮೈಲೇಜಿಗಾಗಿ ನಾಲ್ಕು ಮಳಿಗೆ ಸುತ್ತುವ ಗಿರಾಕಿ ಫೈನಾನ್ಸ್ ಮೇಜಿನಲ್ಲಿ ಒಂದು ಪ್ರಶ್ನೆ ಕೇಳದಿದ್ದರೆ ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾನೆ.

‘ಶೂನ್ಯ ಬಡ್ಡಿ’ಯ ಫಲಕಗಳೂ ಇವೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಬೇರೆ ಶುಲ್ಕದ ರೂಪದಲ್ಲಿ ವಸೂಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಸ್ಪಷ್ಟವಾಗಿ ಹೇಳಿತು. 2024ರ ಅಕ್ಟೋಬರ್ 1ರಿಂದ ಮತ್ತೊಂದು ನಿಯಮ ಬಂದಿದೆ. ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ, ಇಂಥ ಸಾಲ ಕೊಡುವ ಮೊದಲು ‘ಪ್ರಮುಖ ಸಂಗತಿಗಳ ಹೇಳಿಕೆ’ ಎಂಬ ಕಾಗದ ಕೊಡಬೇಕು. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ಶೇಕಡಾ ದರ ಅದರಲ್ಲಿರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು. ಅಂದರೆ ಕಂಪಲಾಪುರದವರು ಅದನ್ನು ಕನ್ನಡದಲ್ಲಿ ಕೇಳಬಹುದು.

ಚೀಟಿಯ ಸಾಲುಗಳು

ಕಂಪನಿ ಪ್ರಕಟಿಸುವ ‘ಎಕ್ಸ್ ಶೋರೂಂ’ ಬೆಲೆಗೂ ಬೈಕು ರಸ್ತೆಗಿಳಿಯುವ ‘ಆನ್ ರೋಡ್’ ಬೆಲೆಗೂ ನಡುವೆ ಹಲವು ಸಾಲುಗಳಿರುತ್ತವೆ. ಕೆಲವು ಕಾನೂನಿನವು: ವಾಹನದ ಬೆಲೆಯ ಶೇಕಡಾವಾರು ಲೆಕ್ಕದ ಆಜೀವ ತೆರಿಗೆ, ನೋಂದಣಿ ಶುಲ್ಕ, ವಿಮೆ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷಗಳ ಮೂರನೆಯ ವ್ಯಕ್ತಿ ವಿಮೆ ಒಟ್ಟಿಗೇ ಕಡ್ಡಾಯ. ಆದರೆ ಅದನ್ನು ಮಳಿಗೆಯವರು ಹೇಳಿದ ಕಂಪನಿಯಿಂದಲೇ ಕೊಳ್ಳಬೇಕೆಂದಿಲ್ಲ.

ಇನ್ನು ಕೆಲವು ಸಾಲುಗಳು ಚರ್ಚೆಯವು. ಹಿಂದೆ ಕೂರುವವರ ಹಿಡಿಕೆ, ಕಾಲಿಡುವ ಜಾಗ, ಸೀರೆ ಚಕ್ರಕ್ಕೆ ಸಿಗದಂತೆ ತಡೆಯುವ ಜಾಲರಿ ಇವು 1989ರ ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಬೈಕಿನಲ್ಲಿ ಇರಲೇಬೇಕಾದವು. ಕೊಳ್ಳುವಾಗ ಹೆಲ್ಮೆಟ್ ಒದಗಿಸಬೇಕೆಂದು ನಿಯಮ 138 ಹೇಳುತ್ತದೆ. ಹೀಗಿದ್ದೂ ‘ಆ್ಯಕ್ಸೆಸರಿ’ ಎಂಬ ತಲೆಬರಹದಲ್ಲಿ ಇವಕ್ಕೆ ಬೇರೆ ಹಣ ಬರೆದ ಚೀಟಿಗಳನ್ನು ಕಾಣಬಹುದು. ‘ಹ್ಯಾಂಡ್ಲಿಂಗ್’ ಎಂಬ ಸಾಲನ್ನು ವಸೂಲು ಮಾಡಬಾರದೆಂದು ಹಲವು ರಾಜ್ಯಗಳ ಸಾರಿಗೆ ಇಲಾಖೆಗಳು ಸುತ್ತೋಲೆ ಹೊರಡಿಸಿವೆ. ಪ್ರತಿ ಸಾಲಿಗೂ ರಸೀದಿ ಕೇಳಿದರೆ ಕೆಲವು ಸಾಲುಗಳು ತಾವಾಗಿಯೇ ಮಾಯವಾಗುವುದುಂಟು.

ಮಾರುವವರಿಗೂ ಕಷ್ಟಕಾಲ ಬಂದದ್ದುಂಟು. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಬಿಎಸ್ 3 ವಾಹನಗಳನ್ನು ಮಾರುವಂತಿಲ್ಲ ಎಂದು ತೀರ್ಪಿತ್ತಿತು. ಆಗ ದೇಶದಲ್ಲಿ ಮಾರಾಟವಾಗದೆ ಉಳಿದಿದ್ದ ದ್ವಿಚಕ್ರ ವಾಹನಗಳು 6.7 ಲಕ್ಷದಷ್ಟು. ಉಳಿದದ್ದು ಎರಡೇ ದಿನ. ಹತ್ತು, ಇಪ್ಪತ್ತು ಸಾವಿರ ರೂಪಾಯಿವರೆಗೂ ರಿಯಾಯಿತಿ ಕೊಟ್ಟು ಮಾರಿದರು. ಮಳಿಗೆಗಳ ಮುಂದೆ ಮತ್ತೆ ಸರದಿ ಸಾಲು ಕಾಣಿಸಿತು, ಈ ಸಲ ತಲೆಕೆಳಗಾದ ಕಾರಣಕ್ಕೆ. 2019ರ ಏಪ್ರಿಲಿನಿಂದ 125 ಸಿಸಿವರೆಗಿನ ಹೊಸ ಬೈಕುಗಳಿಗೆ ಮುಂದಿನ ಮತ್ತು ಹಿಂದಿನ ಬ್ರೇಕನ್ನು ಕೂಡಿಸುವ ವ್ಯವಸ್ಥೆ ಕಡ್ಡಾಯವಾಯಿತು. 2020ರ ಏಪ್ರಿಲಿನಿಂದ ಬಿಎಸ್ 6 ಬಂತು. ಹೊಗೆ ಕಡಿಮೆಯಾಯಿತು, ಬೆಲೆ ಏರಿತು, ಬೆಲೆ ಏರಿದಷ್ಟೂ ಕಂತಿನ ಮೇಲೆ ಕೊಳ್ಳುವುದು ಅನಿವಾರ್ಯವಾಯಿತು. 2025ರ ಸೆಪ್ಟೆಂಬರ್ 22ರಂದು 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ನವರಾತ್ರಿ ಆರಂಭವಾದದ್ದೂ ಅಂದೇ.

ಕೊನೆಯ ಕಂತು ಕಟ್ಟಿದ ದಿನ ವ್ಯವಹಾರ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಆದರೆ ನೋಂದಣಿ ಪತ್ರದಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಇರುತ್ತದೆ. ಅವರಿಂದ ‘ಬಾಕಿ ಇಲ್ಲ’ ಎಂಬ ಪತ್ರವನ್ನೂ ಸಹಿ ಮಾಡಿದ ನಮೂನೆ 35ನ್ನೂ ಪಡೆದು ಸಾರಿಗೆ ಕಚೇರಿಯಲ್ಲಿ ಆ ಹೆಸರನ್ನು ತೆಗೆಸಬೇಕು. ಕೆಎ 45 ಎಂದು ಶುರುವಾಗುವ ಸಂಖ್ಯೆಯ ವಾಹನಗಳಿಗೆ ಆ ಕಚೇರಿ ಹುಣಸೂರಿನಲ್ಲಿದೆ. ಹೀಗೆ ಮಾಡದಿದ್ದರೆ ಬೈಕನ್ನು ಮಾರಲು ಹೋದ ದಿನ, ಎಷ್ಟೋ ವರ್ಷದ ಹಿಂದೆ ತೀರಿದ ಸಾಲಕ್ಕೆ ಮತ್ತೆ ಕಾಗದ ಹುಡುಕಬೇಕಾಗುತ್ತದೆ.